ನಡುಗೆರೆಯ ಬಳಿ ನಿಂತವನು

ಸೀಟಿ ಊದುವುದಕ್ಕೆ ದಮ್ಮು ಬೇಕಾಗಿಲ್ಲ ಕಣ್ರಪ್ಪಾ, ಎಲ್ಲರ ಹತ್ತಿರ ಒಳ್ಳೆಯವನು ಅನ್ನಿಸಿಕೊಳ್ಳೋ ಆಸೆ ಬಿಡಬೇಕು. ಇದನ್ನು ಮೊದಲೇ ಹೇಳಿಬಿಡ್ತೀನಿ. ನಮ್ಮ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಈಗ ಹೈಸ್ಕೂಲು ಮಕ್ಕಳು ಸಾಕರ್ ರೆಫ್ರಿ ಬ್ಯಾಡ್ಜ್ ತಗೊಂಡು ಶನಿವಾರ ಭಾನುವಾರ ಮ್ಯಾಚ್ ನಡೆಸೋಕೆ ಹೋಗ್ತಿದಾರೆ. ಕಾಲೇಜ್ ಅಪ್ಲಿಕೇಶನ್‌ಗೆ ಒಳ್ಳೇದು ಅಂತ ಅಮ್ಮಂದಿರು ಕಳಿಸ್ತಾರೆ. ಮೊದಲ ವಾರವೇ ಯಾರದೋ ಅಪ್ಪನ ಕೈಲಿ ಬೈಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಹತ್ತಿರ ಬರ್ತಾರೆ. "ಖಾದರ್ ಅಂಕಲ್, ಹೌ ಡಿಡ್ ಯು ಡೂ ದಿಸ್?" ಅಂತಾರೆ. ನಾನು ಕನ್ನಡದಲ್ಲಿ ಹೇಳ್ತೀನಿ, ಅವರು ಇಂಗ್ಲಿಷಿನಲ್ಲಿ ತಲೆಯಾಡಿಸ್ತಾರೆ. ಅದಕ್ಕೇ ಬರೆದಿಡ್ತಿದ್ದೀನಿ. ಓದೋಕೆ ಬಾರದ ಮಕ್ಕಳಿಗೆ ಅಪ್ಪ ಅಮ್ಮ ಓದಿ ಹೇಳಲಿ.

ನಾನು ಮೊದಲು ರೆಫ್ರಿ ಅಲ್ಲ, ಆಟಗಾರ. ಭದ್ರಾವತಿಯಲ್ಲಿ ಕಾರ್ಖಾನೆ ಟೀಮಿಗೆ ಲೆಫ್ಟ್ ವಿಂಗ್ ಆಡ್ತಿದ್ದೆ. ಬೆಳಗ್ಗೆ ಮೆಷೀನ್ ಮುಂದೆ ನಿಂತು, ಮಧ್ಯಾಹ್ನ ಮೈದಾನಕ್ಕೆ ಇಳಿಯೋ ಕೆಲಸ. ಟೀಮಿಗೆ ಹೊಸದಾಗಿ ಸೇರಿದವನು ಚೆಂಡು ಹೊಲಿಯಬೇಕು ಅಂತ ಅಲ್ಲೊಂದು ಕಟ್ಟಳೆ ಇತ್ತು. ಆಗಿನದು ಚರ್ಮದ ಚೆಂಡು. ಒಳಗೆ ರಬ್ಬರ್ ಬ್ಲಾಡರ್ ತುರುಕಿ, ಗಾಳಿ ಹೊಡೆದು, ಬಾಯಿಗೆ ದಬ್ಬಣದಲ್ಲಿ ಲೇಸು ಬಿಗಿಯಬೇಕು. ಲೇಸಿನ ಗಂಟು ಒಂಚೂರು ಎದ್ದಿದ್ದರೂ ಸಾಕು, ಹೆಡ್ ಮಾಡಿದವನ ಹಣೆ ಸಿಗಿದು ಹೋಗ್ತಿತ್ತು, ಆಮೇಲೆ ಅವನು ನನ್ನ ಚರ್ಮ ಸುಲೀತಿದ್ದ. ಹಾಗಾಗಿ ಆ ಕೆಲಸ ಚೆನ್ನಾಗಿ ಕಲಿತೆ. ಕಾಲ ಬದಲಾಯಿತು, ಟೀಮು ಇಲ್ಲದಾಯಿತು, ನಾನು ಬರೀ ಮೆಷೀನ್ ಮುಂದೆ ನಿಲ್ಲೋನಾದೆ. ಬಾಮೈದ ಮಿಷಿಗನ್‌ನಲ್ಲಿದ್ದ, ನಮ್ಮನ್ನ ಕರೆಸಿಕೊಳ್ಳೋಕೆ ಪೇಪರ್ ಹಾಕಿದ್ದ. ತೊಂಬತ್ತರ ದಶಕದ ಕೊನೆಗೆ ನಾನು, ನನ್ನ ಹೆಂಡತಿ ಜಮೀಲಾ, ಮಗಳು, ಮೂವರೂ ಅಲ್ಲಿನ ವಾರೆನ್ ಅನ್ನೋ ಊರಿಗೆ ಬಂದು ಇಳಿದೆವು.

ವಾರೆನ್ ಅಂದರೆ ಕಾರು. ಕಾರಿನ ಊರಿನಲ್ಲಿ ನನಗೆ ಸಿಕ್ಕಿದ್ದು ಚೆಂಡಿನ ಕೆಲಸ. ಒಂದು ಇಂಡೋರ್ ಸಾಕರ್ ಅರೀನಾ, ತಗಡಿನ ದೊಡ್ಡ ಶೆಡ್ಡು, ಹಿಂದುಗಡೆ ಹುಲ್ಲಿನ ಮೈದಾನ. ಬೆಳಗ್ಗೆ ನೆಲ ಗುಡಿಸು, ನೆಟ್ ಕಟ್ಟು, ಸಂಜೆ ಸೀಟಿ ಊದು. ಇಂಟರ್‌ವ್ಯೂ ಅಂತ ಹೋದರೆ ಆಫೀಸಿನಲ್ಲಿ ಎಂಬತ್ತು ದಾಟಿದ ಒಬ್ಬ ಬಿಳೀ ಅಜ್ಜಿ ಕೂತಿದ್ದರು. ಅರೀನಾ ಕಟ್ಟಿಸಿದವನ ವಿಧವೆ. ರೆಫ್ರಿಗಳೆಲ್ಲ ಅವರ ಕೈಕೆಳಗೆ. ಹೆಸರು ವಿನಿ. ಅವರಾಡಿದ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲೇ ಬರೀತೀನಿ.

"ಓಡ್ತೀಯಾ?" ಅಂದರು. ಅಷ್ಟೇ ಪ್ರಶ್ನೆ.

"ಓಡ್ತೀನಿ."

"ನಿಂತಿರೋ ರೆಫ್ರಿ ನನಗೆ ಬೇಡ. ನಿಂತಿರೋ ಗಂಡಸರನ್ನ ಕಂಡರೆ ನನಗಾಗಲ್ಲ."

ಇದೇನಪ್ಪಾ ವಿಚಿತ್ರ ಅಂತ ಜಮೀಲಾಗೆ ಹೇಳಿದರೆ, "ಅವರಿಗಾಗದೇ ಇರೋದು ಮಲಗಿರೋ ಗಂಡಸರಾಗಿದ್ದರೆ ನಿಮಗೆ ಕೆಲಸ ಸಿಕ್ತಾನೇ ಇರಲಿಲ್ಲ" ಅಂದಳು.

ಅರೀನಾದಲ್ಲಿ ಎಲ್ಲರೂ ವಿನಿ, ವಿನಿ ಅಂತ ಹೆಸರು ಹಿಡಿದೇ ಕರೀತಿದ್ದರು. ನನ್ನ ಬಾಯಿಗೆ ಅದು ಬರಲಿಲ್ಲ. ಅಜ್ಜಿ ವಯಸ್ಸಿನವರನ್ನ ಹೆಸರು ಹಿಡಿದು ಕೂಗೋದು ಹೇಗೆ? ವಿನಿ ಅಮ್ಮ ಅಂತ ಶುರು ಮಾಡಿದೆ.

"ಏನದು ಅಮ್ಮ?"

"ತಾಯಿ ಅಂತ."

"ನನಗೆ ಮಕ್ಕಳಿಲ್ಲ."

"ಪರವಾಗಿಲ್ಲ. ನಮ್ಮ ಕಡೆ ಅಮ್ಮ ಅನ್ನಿಸಿಕೊಳ್ಳೋಕೆ ಮಕ್ಕಳಿರಬೇಕು ಅಂತೇನಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೇಡ ಅನ್ನಲಿಲ್ಲ.

ಆದರೆ ಮೈದಾನಕ್ಕೆ ಇಳಿದರೆ ಆ ಅಮ್ಮ ಎಲ್ಲಿ ಹೋಗ್ತಿದ್ದರೋ! ಆಟದ ಅಂಗಳದ ಗಾಜಿನ ಗೋಡೆ ಆಚೆ ಮಡಚೋ ಕುರ್ಚಿ ಹಾಕಿಕೊಂಡು ಕೂತು, ನಾನು ಎರಡು ಉಸಿರು ನಿಂತರೆ ಸಾಕು, ಕೈಕೋಲಿನಿಂದ ಗಾಜು ಕುಟ್ಟಿ "ಖಾದರ್, ಓಡು!" ಅಂತ ಕಿರುಚೋರು. ಚೆಂಡು ಹೊರಗೆ ಹೋಗಿದ್ದರೂ ಓಡಬೇಕು. ಆಟಗಾರ ಬಿದ್ದು ನೀರು ಕುಡೀತಿದ್ದರೂ ನಾನು ಓಡಬೇಕು. ಒಂದು ದಿನ ಸಿಟ್ಟು ನೆತ್ತಿಗೇರಿ, "ಎಲ್ಲಿಗೆ ಓಡಲಿ ಅಮ್ಮಾ, ಮನೆಗಾ?" ಅಂದುಬಿಟ್ಟೆ. "ಮನೆಗೇ ಓಡು, ಆದರೆ ಓಡು" ಅಂದರು.

ಈಗ ನನ್ನ ಎಡವಟ್ಟುಗಳನ್ನ ಹೇಳದಿದ್ದರೆ ನೀವು ನನ್ನ ದೊಡ್ಡ ಮನುಷ್ಯ ಅಂದುಕೊಂಡುಬಿಡ್ತೀರಿ. ಮಿಷಿಗನ್‌ನಲ್ಲಿ ನನ್ನ ಮೊದಲನೇ ಮಾರ್ಚ್. ಹೊರಗಿನ ಮೈದಾನದಲ್ಲಿ ಮ್ಯಾಚು. ಇಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಕಲ್ಲಾಗೋ ಚಳಿ. ನನ್ನದು ಊರಿಂದ ತಂದ ಸೀಟಿ, ಒಳಗೆ ಬಟಾಣಿ ಗಾತ್ರದ ಗುಂಡು ಇರ್ತದಲ್ಲ, ಅದು. ಒಬ್ಬ ಇನ್ನೊಬ್ಬನಿಗೆ ಅಡ್ಡಗಾಲು ಕೊಟ್ಟು ಬೀಳಿಸಿದ. ಊದಿದೆ. ಸದ್ದೇ ಇಲ್ಲ! ನನ್ನ ಉಸಿರಿನ ಪಸೆ ಒಳಗೇ ಹೆಪ್ಪುಗಟ್ಟಿ ಗುಂಡು ಅಂಟಿಕೊಂಡಿದೆ. ಆ ಕಡೆ ಇಬ್ಬರು ಕೈ ಕೈ ಮಿಲಾಯಿಸೋಕೆ ಹೊರಟಿದಾರೆ. ತಲೆ ಚಿಟ್ಟು ಹಿಡಿದು, "ಏಯ್, ನಿಲ್ಲಿಸ್ರೋ ಬಡ್ಡೀಮಕ್ಕಳಾ!" ಅಂತ ಕೂಗಿದೆ. ಪೋಲೆಂಡಿನವರು, ಮೆಕ್ಸಿಕೋದವರು, ಬೋಸ್ನಿಯಾದವರು, ಎಲ್ಲ ಕಲ್ಲಿನ ಹಾಗೆ ನಿಂತರು. ಮಾರನೇ ದಿನ ವಿನಿ ಅಮ್ಮ ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿ ಕೊಟ್ಟು, "ಇದು ಕೈಕೊಟ್ಟರೆ ನಿನ್ನೆ ಕೂಗಿದೆಯಲ್ಲ, ಅದನ್ನೇ ಊದು, ಅದು ಚೆನ್ನಾಗಿತ್ತು" ಅಂದರು.

ಇನ್ನೊಂದು ರಂಜಾನಿನದು. ಇಫ್ತಾರಿನ ಹೊತ್ತು ತಪ್ಪದಿರಲಿ ಅಂತ ಜಮೀಲಾ ನನ್ನ ವಾಚಿನಲ್ಲಿ ಅಲಾರಂ ಇಟ್ಟಿದ್ದಳು. ನಾನು ಮ್ಯಾಚಿನ ಮಧ್ಯೆ ಇದ್ದೀನಿ, ಉಪವಾಸ, ಬಾಯಿ ಒಣಗಿ ಬೆಂಡಾಗಿದೆ. ಒಬ್ಬ ಚೆಂಡು ಬಾರಿಸಿದ, ಅದು ಗೋಲಿನ ಕಡೆ ಹೋಗ್ತಿದೆ, ವಾಚು ಬೀಪ್ ಅಂತು, ನನ್ನ ಬಾಯಿ ತಾನಾಗಿ ಸೀಟಿ ಊದಿತು. ಚೆಂಡು ನೆಟ್ಟಿನೊಳಗೆ. ಸೀಟಿ ಆದ ಮೇಲೆ ಹೋದ ಚೆಂಡು ಗೋಲಲ್ಲ, ನಿಯಮ ಅಂದರೆ ನಿಯಮ. ಕೀಪರ್ ಓಡಿ ಬಂದು ನನ್ನ ಅಪ್ಪಿಕೊಂಡ, ಬಾರಿಸಿದವನು ಅಟ್ಟಿಸಿಕೊಂಡು ಬಂದ. ಅಷ್ಟರಲ್ಲಿ ಎರಡೂ ಟೀಮಿನಲ್ಲಿ ಉಪವಾಸ ಇದ್ದ ಅರ್ಧ ಜನ ಖರ್ಜೂರದ ಡಬ್ಬಿ ಹುಡುಕಿಕೊಂಡು ಬೆಂಚಿಗೆ ಹೋಗಿಯಾಗಿತ್ತು. ಕೆಲಸ ಹೋಯ್ತು ಅಂದುಕೊಂಡೆ. ವಿನಿ ಅಮ್ಮ ಬಂದು ಎಲ್ಲರ ಮುಂದೆ, "ಇನ್ನು ಮೇಲೆ ಈ ತಿಂಗಳು ಸೂರ್ಯ ಮುಳುಗಿದಾಗಲೇ ಹಾಫ್ ಟೈಮ್" ಅಂತ ಹೇಳಿ ಹೋದರು. ಅವತ್ತಿಂದ ಆ ಅರೀನಾದಲ್ಲಿ ಅದೇ ಪದ್ಧತಿ. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ.

ಕೆಲಸದ ರೀತಿ ಎಷ್ಟು ಬದಲಾಯಿತು ಅಂತೀರಿ! ಮೊದಲು ಮಳೆ ಬಂದರೆ ಚೆಂಡು ನೀರು ಕುಡಿದು ಕಲ್ಲಾಗ್ತಿತ್ತು, ಈಗಿನ ಚೆಂಡಿಗೆ ಮಳೆ ಲೆಕ್ಕಕ್ಕೇ ಇಲ್ಲ. ಮೊದಲು ನಾವು ಕೋಪ ಬಂದವನ ಹೆಗಲ ಮೇಲೆ ಕೈ ಹಾಕಿ, "ಮನೇಲಿ ಏನಾದ್ರೂ ಜಗಳ ಆಡ್ಕೊಂಡು ಬಂದ್ಯೇನಪ್ಪಾ?" ಅಂತ ಕೇಳ್ತಿದ್ದೆವು. ಈಗ ಮುಟ್ಟಬಾರದು, ದೂರದಿಂದ ಕಾರ್ಡ್ ತೋರಿಸಬೇಕು. ಒಳ್ಳೇದೇ ಇರಬಹುದು. ಆದರೂ ಮಕ್ಕಳೇ, ಕಾರ್ಡಿಗೆ ಕೈ ಹಾಕೋ ಮೊದಲು ಅವನ ಮುಖ ನೋಡಿ. ಅರ್ಧ ಜಗಳ ಅಲ್ಲೇ ಮುಗೀತದೆ.

ಈಗ ಹೇಳಬೇಕಾದ್ದಕ್ಕೆ ಬರ್ತೀನಿ.

ಒಂದು ಜನವರಿ ಮಧ್ಯಾಹ್ನ ಹಿಮ ಸುರಿದು ಮ್ಯಾಚೆಲ್ಲ ಕ್ಯಾನ್ಸಲ್. ಹೈವೇ ಮೇಲೆ ಲಾರಿಗಳು ಅಡ್ಡಡ್ಡ ನಿಂತಿವೆ ಅಂತ ರೇಡಿಯೋ ಹೇಳ್ತಿತ್ತು. ನಾನೂ ವಿನಿ ಅಮ್ಮನೂ ಆಫೀಸಿನಲ್ಲಿ ಸಿಕ್ಕಿಕೊಂಡೆವು. ಟೀ ಮಾಡಿದೆ, ಏಲಕ್ಕಿ ಹಾಕಿ. ಅವರು ಕಪ್ಪು ತಗೊಳ್ಳೋಕೆ ಕೈ ಚಾಚಿದರು, ಕೈ ಪಕ್ಕದಲ್ಲಿದ್ದ ಸ್ಟೇಪ್ಲರ್ ಮೇಲೆ ಹೋಯ್ತು.

"ಡಾಕ್ಟರ ಹತ್ತಿರ ಹೋಗಿದ್ದೆ" ಅಂದರು. "ಕಣ್ಣಿನ ನಡುಭಾಗ ಹೋಗ್ತಾ ಇದೆಯಂತೆ. ನೇರ ನೋಡಿದರೆ ಮಸುಕು, ಓರೆಯಾಗಿ ನೋಡಿದರೆ ಅಂಚಿನಲ್ಲಿ ಒಂಚೂರು ಕಾಣುತ್ತೆ. ಅದೂ ಎಷ್ಟು ದಿನವೋ. ಈ ಸೀಸನ್ ಮುಗಿದ ಮೇಲೆ ಬಿಟ್ಟುಬಿಡ್ತೀನಿ."

ಕಪ್ಪನ್ನು ಅವರ ಕೈಗೆ ಇಟ್ಟೆ.

"ನಿನಗೊಂದು ಹೇಳ್ತೀನಿ, ಖಾದರ್. ಇಲ್ಲಿ ಯಾರಿಗೂ ಹೇಳಿಲ್ಲ. ನಮ್ಮಪ್ಪ ಫುಟ್‌ಬಾಲ್ ಆಡೋನು. ಇಂಗ್ಲೆಂಡಿನಲ್ಲಿ, ಸಂಬಳಕ್ಕೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಪ್ರೊಫೆಷನಲ್ಲಾ? ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮಾ?"

"ಕೂತ್ಕೋ. ಹೆಮ್ಮೆಯಿಂದ ಹೇಳ್ತಿಲ್ಲ."

ಆಮೇಲೆ ಕಿಟಕಿ ಕಡೆ ತಿರುಗಿ ಹೇಳ್ತಾ ಹೋದರು. ಇಂಗ್ಲೆಂಡಿನ ಉತ್ತರದ ಕಡೆ ಗಿರಣಿಗಳ ಊರು. ಅಪ್ಪ ಹುಡುಗನಾಗಿದ್ದಾಗ ಗಿರಣಿಯಲ್ಲಿ ದುಡೀತಿದ್ದ, ಮೊದಲನೇ ಮಹಾಯುದ್ಧಕ್ಕಿಂತ ಮುಂಚೆಯೇ ಊರಿನ ಟೀಮಿಗೆ ಸೇರಿದ. ಫುಲ್ ಬ್ಯಾಕ್, ಅಂದರೆ ಗೋಲ್‌ಕೀಪರಿನ ಮುಂದೆ ಕಾಯೋ ಇಬ್ಬರಲ್ಲಿ ಒಬ್ಬ. ಯುದ್ಧಕ್ಕೆ ಹೋಗಿ ಬಂದು ಮತ್ತೆ ಆಡಿದ. ಮ್ಯಾಚ್ ಮುಗಿದ ಮೇಲೆ ಟೀಮಿಗೆಲ್ಲ ಒಂದೇ ತೊಟ್ಟಿಯಲ್ಲಿ ಸ್ನಾನ. ಬೂಟು ಜಾರದ ಹಾಗೆ ಅಡಿಗೆ ತಾನೇ ಚರ್ಮದ ಗುಬ್ಬಿ, ಅಂದರೆ ಸ್ಟಡ್ಡು, ಹೊಡ್ಕೊಬೇಕು. ಬೇಸಿಗೆಯಲ್ಲಿ ಆಟ ಇಲ್ಲ, ಆಗ ಮತ್ತೆ ಗಿರಣಿ. ಥೇಟ್ ನಮ್ಮ ಭದ್ರಾವತಿ ಅಂದುಕೊಂಡೆ.

"ನನಗೆ ಆರೋ ಏಳೋ ವರ್ಷ. ಅಮ್ಮ ಮೊದಲ ಸಲ ಮ್ಯಾಚಿಗೆ ಕರ್ಕೊಂಡು ಹೋದಳು. ಹೊಸ ಟೋಪಿ ಹಾಕ್ಕೊಂಡಿದ್ದೆ. ನೋಡ್ತೀನಿ, ಮೈದಾನದಲ್ಲಿ ಎಲ್ಲರೂ ಓಡ್ತಿದಾರೆ, ನಮ್ಮಪ್ಪ ಒಬ್ಬ ನಡುಗೆರೆ ಹತ್ತಿರ ನಿಂತಿದಾನೆ. ಎದುರು ಟೀಮಿನವರು ಅವನನ್ನ ದಾಟಿ ನಮ್ಮ ಗೋಲಿನ ಕಡೆ ಓಡ್ತಾರೆ, ಅವನು ಹಿಂದೆ ಹೋಗಲ್ಲ. ಕಾಯಬೇಕಾದವನು! ಒಂದು ಕೈ ಮೇಲಕ್ಕೆ ಎತ್ತಿ ಸುಮ್ಮನೆ ನಿಂತಿರ್ತಾನೆ. ಸುತ್ತ ಜನ ಹೋ ಅಂತ ಅಣಕಿಸಿದರು. ಕಿತ್ತಳೆ ಸಿಪ್ಪೆ ಎಸೆದರು. ನಮ್ಮಮ್ಮ ತಲೆ ತಗ್ಗಿಸಿದಳು. ಮನೆಗೆ ಬಂದ ಮೇಲೆ ಕೇಳಿದೆ, 'ಅಪ್ಪಾ, ನೀನ್ಯಾಕೆ ಓಡಲಿಲ್ಲ?' ನಕ್ಕ. 'ನಿಲ್ಲೋದೇ ನನ್ನ ಕೆಲಸ ಪುಟ್ಟೀ' ಅಂದ. ನಾಚಿಕೆ ಇಲ್ಲದೇ ನಕ್ಕ."

ಟೀ ಆರಿ ಹೋಗಿತ್ತು. ಅವರು ಕುಡಿಯಲಿಲ್ಲ.

"ಆಮೇಲೆ ಅವನನ್ನ ಟೀಮಿನಿಂದ ತೆಗೆದರು. ಹಡಗು ಹತ್ತಿ ಡೆಟ್ರಾಯಿಟ್‌ಗೆ ಬಂದೆವು. ಕಾರು ಫ್ಯಾಕ್ಟರಿಯಲ್ಲಿ ಪೇಂಟ್ ಹೊಡೆಯೋ ಕೆಲಸ. ಇಂಗ್ಲೆಂಡಿನಲ್ಲಿ ಆಡಿದವನು ಅಂತ ಫ್ಯಾಕ್ಟರಿ ಹುಡುಗರು ಒಂದು ಭಾನುವಾರ ಮೆರವಣಿಗೆಯಲ್ಲಿ ಕರ್ಕೊಂಡು ಹೋದ ಹಾಗೆ ಮ್ಯಾಚಿಗೆ ಕರ್ಕೊಂಡು ಹೋದರು. ಅಲ್ಲೂ ಅದೇ. ನಡುಗೆರೆ ಹತ್ತಿರ ನಿಂತು ಕೈ ಎತ್ತಿದ. ಎದುರಿನವರು ದಾಟಿಕೊಂಡು ಹೋಗಿ ಹೋಗಿ ಗೋಲು ಹೊಡೆದರು. ಹುಡುಗರು ಹೊಟ್ಟೆ ಹಿಡ್ಕೊಂಡು ನಕ್ಕರು. ಅಪ್ಪ ಮನೆಗೆ ಬಂದು ಬೂಟು ಬಿಚ್ಚಿಟ್ಟ, ಸಾಯೋತನಕ ಮತ್ತೆ ಹಾಕಲಿಲ್ಲ. ನಾನೂ ಅವನ ಜೊತೆ ಆಟದ ಮಾತು ಎತ್ತಲಿಲ್ಲ. ಯುದ್ಧದಲ್ಲಿ ಕಾಲಿಗೆ ಏನಾದರೂ ಆಗಿತ್ತೋ, ಇಲ್ಲಾ ಹೆದರಿಕೆಯೋ, ಸೋಮಾರಿತನವೋ, ಗೊತ್ತಿಲ್ಲ. ಒಳ್ಳೇ ಅಪ್ಪ ಅವನು. ನನ್ನ ಜಡೆ ಅವನೇ ಹಾಕ್ತಿದ್ದ. ಆದರೂ ನನಗೆ ಅವನು ಅಂದರೆ ಆ ನಿಂತಿರೋ ಮನುಷ್ಯನೇ."

ಆಮೇಲೆ ಮೆಲ್ಲಗೆ ಹೇಳಿದರು, "ಕಣ್ಣು ಪೂರ್ತಿ ಹೋಗೋ ಮೊದಲು ಅವನು ಆಡಿದಂಥ ಆಟ ಒಂದು ಸಲ ನೋಡಬೇಕು ಅನ್ನಿಸುತ್ತೆ. ಅವನನ್ನ ಕ್ಷಮಿಸೋಕಲ್ಲ. ಎಲ್ಲಿ ತಪ್ಪಿದ ಅಂತ ನೋಡೋಕೆ."

ಮನೆಗೆ ಬಂದು ಜಮೀಲಾಗೆ ಹೇಳಿದೆ. ಅವಳು ಅಳು ನುಂಗಿಕೊಂಡು, "ಬೇಸಿಗೆಗೆ ಅವರ ಹುಟ್ಟುಹಬ್ಬ ಅಲ್ವಾ? ನೀವು ಹಳೇ ಚೆಂಡು ಹೊಲೀತಿದ್ದೋರು ತಾನೇ? ಮಾಡ್ರೀ ಒಂದು ಮ್ಯಾಚು" ಅಂದಳು. ನನ್ನ ಹೆಂಡತಿ ಹೀಗೆ. ನನಗೆ ಹತ್ತು ದಿನ ಹಿಡಿಯೋ ಯೋಚನೆ ಅವಳಿಗೆ ಒಂದು ಗುಟುಕಿನಲ್ಲಿ ಬರುತ್ತೆ.

ಹಳೇ ಸಾಮಾನಿನ ಸಂತೆಯಲ್ಲಿ ಒಣಗಿ ಸಿಪ್ಪೆಯಾದ ಒಂದು ಚರ್ಮದ ಚೆಂಡು ಸಿಕ್ಕಿತು. ಹಲಾಲ್ ಅಂಗಡಿಯಿಂದ ಕೊಬ್ಬು ತಂದು ಕರಗಿಸಿ ಉಜ್ಜಿದೆ, ಮನೆಯೆಲ್ಲ ನಾತ ಅಂತ ಮಗಳು ಮೂಗು ಮುಚ್ಚಿಕೊಂಡು ಮಹಡಿ ಹತ್ತಿದಳು. ದಬ್ಬಣ ಹಿಡಿದರೆ ಬೆರಳಿಗೆ ಎಲ್ಲ ನೆನಪಿತ್ತು. ಹಳೇ ನಿಯಮಗಳು ರೆಫ್ರಿಗಳಿಗೆ ಓದಿ ಗೊತ್ತಿರ್ತವೆ. ಸಬ್‌ಸ್ಟಿಟ್ಯೂಟ್ ಇಲ್ಲ, ಕಾರ್ಡ್ ಇಲ್ಲ, ಆಫ್‌ಸೈಡ್ ಬೇರೆ ಥರ. ಆಫ್‌ಸೈಡ್ ಅಂದರೆ ಇಷ್ಟೇ: ನಿಮ್ಮವನು ನಿಮಗೆ ಚೆಂಡು ಕೊಡುವಾಗ, ಎದುರು ಅರ್ಧದಲ್ಲಿರೋ ನೀವು ಗೋಲಿನ ಹತ್ತಿರ ಮೊದಲೇ ಹೋಗಿ ಹೊಂಚು ಹಾಕಿರಬಾರದು. ಈಗಿನ ನಿಯಮದಲ್ಲಿ ನಿಮಗೂ ಗೋಲಿಗೂ ಮಧ್ಯೆ ಎದುರಾಳಿಗಳು ಕೀಪರ್ ಸೇರಿ ಇಬ್ಬರು ಇದ್ದರೆ ಸಾಕು. ಆಗ ಮೂವರು ಇರಬೇಕಿತ್ತು. ಹೋದ ಶತಮಾನದ ಇಪ್ಪತ್ತರ ದಶಕದ ಮಧ್ಯದಲ್ಲಿ ಅದು ಬದಲಾಯಿತು. ನನಗೆ ಇಷ್ಟು ಗೊತ್ತಿತ್ತು. ಆ ಒಬ್ಬ ಹೆಚ್ಚಿನ ಮನುಷ್ಯ ಮೈದಾನದಲ್ಲಿ ಏನು ಮಾಡ್ತಾನೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಒಂದು ಟೀಮು ಸಿದ್ಧವಾಗಿತ್ತು, ನಮ್ಮ ಶನಿವಾರದ ಲೀಗಿನ ಗಾರೆ ಕೆಲಸದವರು, ಬಡಗಿಗಳು, ಕುದುರೆಗಳ ಹಾಗೆ ಓಡೋ ಜನ. ಇನ್ನೊಂದಕ್ಕೆ ಯಾರೂ ಸಿಗಲಿಲ್ಲ. ಕೊನೆಗೆ ನಮ್ಮ ಕನ್ನಡದ ಹುಡುಗರನ್ನೇ ಹಿಡಿದೆ. ಕಾರ್ ಕಂಪನಿಯ ಟೆಕ್ನಿಕಲ್ ಸೆಂಟರಿನ ಇಂಜಿನಿಯರುಗಳು, ಚಳಿಗಾಲದಲ್ಲಿ ನಮ್ಮ ಅರೀನಾ ಬುಕ್ ಮಾಡಿಕೊಂಡು ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡೋರು. ಅವರ ಮುಂದಾಳು ಮೈಸೂರಿನ ಮಂಜುನಾಥ, ಮೂವತ್ತೈದರ ಆಸುಪಾಸು, ಹೊಟ್ಟೆ ಸ್ವಲ್ಪ ಮುಂದಿತ್ತು.

"ಅಂಕಲ್, ನಮಗೆ ಫುಟ್‌ಬಾಲ್ ಬರಲ್ಲ" ಅಂದ.

"ಕಾಲು ಇದೆಯಲ್ಲಪ್ಪ?"

"ಇದೆ, ಆದ್ರೆ ನಾನು ಕಾಲೇಜಿಂದ್ಲೂ ಸ್ಲಿಪ್ ಫೀಲ್ಡರ್. ಓಡಿ ಅಭ್ಯಾಸ ಇಲ್ಲ."

"ಎಂಬತ್ತೈದು ತುಂಬೋ ಅಜ್ಜಿಗೋಸ್ಕರ ಒಂದಿನ ಆಡಪ್ಪ. ಆಮೇಲೆ ಜಮೀಲಾ ಆಂಟಿ ಬಿರಿಯಾನಿ ಮಾಡ್ತಾಳೆ."

"ವೆಜ್ ಇರುತ್ತಾ?"

"ಇರುತ್ತೆ ಮಾರಾಯ!"

ಹುಟ್ಟುಹಬ್ಬದ ದಿನ ಎಂಬತ್ತೈದು ಡಿಗ್ರಿ ಬಿಸಿಲು, ಅವರ ವಯಸ್ಸಿನಷ್ಟೇ. ವಿನಿ ಅಮ್ಮನನ್ನ ಗೋಲಿನ ಪಕ್ಕ ಕೊಡೆಯ ನೆರಳಲ್ಲಿ ಕೂರಿಸಿದೆವು. ಚೆಂಡನ್ನ ಅವರ ತೊಡೆ ಮೇಲೆ ಇಟ್ಟೆ. ಲೇಸಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿ, "ನಮ್ಮನೆ ಅಡುಗೆಮನೆ ವಾಸನೆ. ಅಪ್ಪ ಅಲ್ಲೇ ಕೂತು ಬೂಟಿಗೆ ಕೊಬ್ಬು ಉಜ್ಜೋನು" ಅಂದರು.

ನಾನು ಹುಡುಗರಿಗೆಲ್ಲ ಜಾಗ ತೋರಿಸಿದೆ. ಮಂಜುನಾಥನನ್ನ ಫುಲ್ ಬ್ಯಾಕ್ ಮಾಡಿ, ನಡುಗೆರೆಯಿಂದ ಒಂದೆರಡು ಗಜ ಹಿಂದೆ ಭುಜ ಹಿಡಿದು ನಿಲ್ಲಿಸಿ, "ನೀನು ಇಲ್ಲಿ ನಿಂತ್ಕೊಳಪ್ಪ" ಅಂದೆ. ಆಟ ಶುರುವಾಗುವಾಗಿನ ಜಾಗ ಅದು, ಆಮೇಲೆ ಚೆಂಡು ಬಂದ ಹಾಗೆ ಹಿಂದೆ ಮುಂದೆ ಓಡಬೇಕು. ಅದನ್ನು ಬಿಡಿಸಿ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಯಾವ ಫುಟ್‌ಬಾಲಿನವನಿಗೂ ಹೊಳೆಯಲ್ಲ. ಆದರೆ ಕ್ರಿಕೆಟ್ಟಿನವನಿಗೆ ನಿಲ್ಲು ಅಂದರೆ ನಿಲ್ಲು! ಕ್ಯಾಪ್ಟನ್ ಕೈ ಮಾಡಿ ಕರೆಯೋತನಕ ಆ ಜಾಗ ಬಿಡಬಾರದು. ಮಂಜುನಾಥ ಮೊಣಕಾಲ ಮೇಲೆ ಕೈ ಊರಿ, ಸ್ಲಿಪ್ಪಿನಲ್ಲಿ ನಿಂತ ಹಾಗೆ ನಿಂತುಬಿಟ್ಟ.

ಸೀಟಿ ಊದಿದೆ. ಗಾರೆಯವರು ನುಗ್ಗಿದರು. ಇಬ್ಬರು ಮಂಜುನಾಥನನ್ನ ದಾಟಿ ಗೋಲಿನ ಕಡೆ ಓಡಿದರು, ಹಿಂದಿನಿಂದ ಒಬ್ಬ ಉದ್ದಕ್ಕೆ ಚೆಂಡು ಕೊಟ್ಟ. ನಾನು ಎಣಿಸಿದೆ. ಅವರ ಮುಂದೆ ನಮ್ಮ ಇನ್ನೊಬ್ಬ ಫುಲ್ ಬ್ಯಾಕ್, ಕೀಪರ್. ಇಬ್ಬರೇ. ಮೂರನೆಯವನು ಹಿಂದೆ ನಿಂತಿದಾನೆ. ಆಫ್‌ಸೈಡ್! ಊದಿದೆ. ಮತ್ತೆ ಬಂದರು. ಮತ್ತೆ ಎಣಿಸಿದೆ, ಮತ್ತೆ ಆಫ್‌ಸೈಡ್. ಅಂಪೈರ್ ತನ್ನ ಕಡೆ ಇದಾನೆ ಅಂತ ಗೊತ್ತಾದ ಕೂಡಲೇ ಮಂಜುನಾಥನಿಗೆ ಹುರುಪು ಬಂತು. ಕ್ರಿಕೆಟ್ಟಿನಲ್ಲಿ ಅಪೀಲ್ ಮಾಡೋ ಹಾಗೆ ಒಂದು ಕೈ ಮೇಲೆತ್ತಿ ನನ್ನ ಕಡೆ ತಿರುಗಿ "ಅಂಕಲ್!" ಅಂತ ಕೂಗೋಕೆ ಶುರು ಮಾಡಿದ. ಅವನು ಕೈ ಎತ್ತೋದು, ನಾನು ಊದೋದು.

ಗಾರೆಯವರಿಗೆ ಮೈಯೆಲ್ಲ ಉರಿ. "ಆ ಮನುಷ್ಯನಿಗೆ ಓಡೋಕೆ ಹೇಳು!" ಅಂತ ನನ್ನ ಮೇಲೇ ಬಂದರು. ಅವರ ಹೆಂಡತಿ ಮಕ್ಕಳು ಗೆರೆ ಆಚೆ ನಿಂತು ಹೋ ಅಂತ ಮಂಜುನಾಥನನ್ನ ಅಣಕಿಸಿದರು. ನಮ್ಮ ಕನ್ನಡದ ಹೆಂಗಸರೂ ಬಿಡಲಿಲ್ಲ. "ಮಂಜೂ, ಓಡೋ, ಮರ್ಯಾದೆ ಹೋಗ್ತಿದೆ!" ಅಂತ ಅವನ ಹೆಂಡತಿಯೇ ಕೂಗಿದಳು. ಅವನು ಕದಲಲಿಲ್ಲ.

ಹಾಫ್ ಟೈಮಿಗೆ ಊದಿ, ಅವನಿಗೆ ಬುದ್ಧಿ ಹೇಳೋಣ ಅಂತ ಎರಡು ಹೆಜ್ಜೆ ಇಟ್ಟಿದ್ದೆ. ವಿನಿ ಅಮ್ಮನ ಕೋಲು ಕುರ್ಚಿ ಕಾಲಿಗೆ ಬಡಿದ ಸದ್ದು ಕೇಳಿಸಿತು. ಹೋದೆ. ಅವರು ತಲೆ ಓರೆ ಮಾಡಿಕೊಂಡು, ಕಣ್ಣಂಚಿನಿಂದ ಮೈದಾನದ ಕಡೆ ನೋಡ್ತಿದ್ದರು.

"ಖಾದರ್, ಅಲ್ಲಿ ಕೈ ಎತ್ತಿಕೊಂಡು ನಿಂತಿರೋನು ಯಾರು?"

"ನಮ್ಮ ಹುಡುಗ ಅಮ್ಮಾ. ಕ್ರಿಕೆಟ್ಟಿನವನು, ಓಡಬೇಕು ಅಂತ ಗೊತ್ತಿಲ್ಲ. ಈಗಲೇ ಹೇಳ್ತೀನಿ."

"ಮುಟ್ಟಬೇಡ ಅವನನ್ನ!" ಅಂತ ನನ್ನ ಕೈ ಹಿಡ್ಕೊಂಡರು. ಎಷ್ಟು ಬಿಗಿ! "ಓಡು ಅನ್ನಬೇಡ ಅವನಿಗೆ. ಅವನು ನಿಂತಿದ್ದಕ್ಕೆ ತಾನೇ ನೀನು ಊದ್ತಿರೋದು?"

ಆಗ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಯಾ ಅಲ್ಲಾ! ಮೂವರು ಬೇಕಿದ್ದ ಕಾಲದಲ್ಲಿ ಒಬ್ಬ ಫುಲ್ ಬ್ಯಾಕ್ ಹಿಂದೆ ಓಡದೇ ಮುಂದೆ ನಿಂತರೆ, ಅವನನ್ನ ದಾಟಿದವರೆಲ್ಲ ಬಲೆಗೆ ಬಿದ್ದ ಹಾಗೆ. ಓಡಿದರೆ ಬಲೆ ಹರಿದುಹೋಗುತ್ತೆ. ಎದುರಾಳಿ ಮೈಮೇಲೆ ಬರ್ತಿರುವಾಗ, ಊರು ಊರೇ ಅಣಕಿಸ್ತಿರುವಾಗ ಕದಲದೇ ನಿಲ್ಲಬೇಕು. ನಿಲ್ಲೋದೇ ಅವರಪ್ಪನ ಕೆಲಸ. ಜನ ಸಿಪ್ಪೆ ಎಸೆದದ್ದು ಅವನು ಕೆಟ್ಟದಾಗಿ ಆಡಿದ್ದಕ್ಕಲ್ಲ, ಅವನಿಂದ ಗೋಲೇ ಆಗ್ತಿರಲಿಲ್ಲ ಅನ್ನೋ ಉರಿಗೆ. ಇಂಥವರು ಹೆಚ್ಚಾದರು ಅಂತಲೇ ಮೂವರಿದ್ದದ್ದು ಇಬ್ಬರಾಯಿತು. ನಿಯಮ ಬದಲಾದ ಕೂಡಲೇ ಅವನ ಕಸುಬು ಮುಗೀತು, ಟೀಮು ಅವನನ್ನ ಬಿಟ್ಟಿತು. ಡೆಟ್ರಾಯಿಟ್‌ನಲ್ಲಿ ಆ ಭಾನುವಾರ ಪಾಪ, ಗೊತ್ತಿದ್ದ ಒಂದೇ ಕೆಲಸ ಮಾಡಿದ, ಹೊಸ ನಿಯಮದಲ್ಲಿ ಅದಕ್ಕೆ ಯಾರೂ ಸೀಟಿ ಊದಲಿಲ್ಲ.

ಇದನ್ನೆಲ್ಲ ನಾನು ಅವರ ಕುರ್ಚಿ ಪಕ್ಕ ಮಂಡಿಯೂರಿ ಹೇಳಿದೆ. ನನ್ನ ಇಂಗ್ಲಿಷ್ ಅವತ್ತು ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ಪೂರ್ತಿ ಕೇಳಿದರು.

"ಅವನು ಹೇಳಿದ್ದ" ಅಂದರು. "ನಿಲ್ಲೋದೇ ನನ್ನ ಕೆಲಸ ಅಂತ ಹೇಳಿದ್ದ. ನಾನು ನಂಬಲಿಲ್ಲ." ಆಮೇಲೆ ಅತ್ತರು. ಕಣ್ಣೊರೆಸಿಕೊಳ್ಳಲೂ ಇಲ್ಲ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡೋಕೆ ಏನಿದೆ.

ಎರಡನೇ ಅರ್ಧಕ್ಕೆ ಕುರ್ಚಿಯನ್ನ ನಡುಗೆರೆಯ ಹತ್ತಿರ ಹಾಕಿಸಿಕೊಂಡರು. ಮಂಜುನಾಥ ಕೈ ಎತ್ತಿದಾಗೆಲ್ಲ ಅವರೂ ಕೋಲು ಎತ್ತಿದರು. ಗಾರೆಯವರು ಬೈದರು, ಮಕ್ಕಳು ಹೋ ಅಂದರು, ವಿನಿ ಅಮ್ಮ ಒಬ್ಬರೇ ಚಪ್ಪಾಳೆ ತಟ್ಟಿದರು. ಮ್ಯಾಚಿನಲ್ಲಿ ಒಂದು ಗೋಲೂ ಆಗಲಿಲ್ಲ. ಅಷ್ಟು ಸಪ್ಪೆ ಮ್ಯಾಚು ನನ್ನ ಜನ್ಮದಲ್ಲಿ ನಡೆಸಿಲ್ಲ, ಅಷ್ಟು ಚೆನ್ನಾಗಿದ್ದದ್ದೂ ಇಲ್ಲ.

ಆ ಚಳಿಗಾಲಕ್ಕೆ ಅವರು ಕೆಲಸ ಬಿಟ್ಟರು. ನಾನು ಮಂಡಿ ಕೈಕೊಡೋತನಕ ಊದಿ, ಆಮೇಲೆ ಮಗಳ ಮನೆ ಇರೋ ಈ ಗ್ಲೆಂಡೇಲ್ ಹೈಟ್ಸ್‌ಗೆ ಬಂದೆ. ಮಕ್ಕಳೇ, ನಿಮಗೆ ನಿಯಮದ ಪುಸ್ತಕ ಬಾಯಿಪಾಠ ಮಾಡಿಸ್ತಾರೆ. ಮಾಡಿ. ಆದರೆ ಮೈದಾನದಲ್ಲಿ ಯಾರಾದರೂ ಸುಮ್ಮನೆ ನಿಂತಿದ್ದರೆ ಅವನನ್ನ ಬೈಯೋ ಮೊದಲು ಒಂದು ಸಲ ಎಣಿಸಿ ನೋಡಿ.

ಅವತ್ತು ಕೊನೆಯ ಸೀಟಿ ಆದ ಮೇಲೆ ಎಲ್ಲರೂ ಬಿರಿಯಾನಿ ಕಡೆ ಹೊರಟಿದ್ದರು. ವಿನಿ ಅಮ್ಮ ಎದ್ದು ಮೈದಾನದೊಳಕ್ಕೆ ನಡೆದರು. ಮಂಜುನಾಥ ಓಡಿ ಬಂದು ಮೊಣಕೈ ಹಿಡಿದ. ಅವತ್ತು ಅವನು ಓಡಿದ್ದು ಅದೊಂದೇ ಸಲ.

"ನಿನ್ನ ಕಾಲು ಎಲ್ಲಿತ್ತು, ತೋರಿಸು" ಅಂದರು.

ಅವನು ಬಗ್ಗಿ, ತುಳಿತಕ್ಕೆ ಹುಲ್ಲು ಮಲಗಿದ್ದ ಜಾಗಕ್ಕೆ ಅವರ ಕೈ ತಾಗಿಸಿದ. ಅವರು ಕೋಲನ್ನ ಅವನಿಗೆ ಕೊಟ್ಟು, ಆ ಗುರುತಿನ ಮೇಲೆ ಎರಡೂ ಕಾಲಿಟ್ಟು ನಿಂತರು. ನಮ್ಮ ಗೋಲಿಗೆ ಬೆನ್ನು ಮಾಡಿ, ಎದುರು ಖಾಲಿ ಮೈದಾನ ನೋಡ್ತಾ, ಬಲಗೈಯನ್ನ ಮೆಲ್ಲಗೆ ಮೇಲಕ್ಕೆ ಎತ್ತಿದರು. ಗಾರೆಯವರು ತಟ್ಟೆ ಹಿಡಿದವರು ಹಾಗೇ ತಿರುಗಿ ನಿಂತರು. ಯಾರೂ ಹೋ ಅನ್ನಲಿಲ್ಲ.

"ಖಾದರ್" ಅಂದರು, ಕೈ ಇಳಿಸದೆ. "ಊದು."

ಊದಿದೆ. ಇದ್ದಷ್ಟೂ ಉಸಿರು ಹಾಕಿ ಊದಿದೆ. ಆಫ್‌ಸೈಡಿಗೆ ಊದಿದ ಮೇಲೆ ಫುಲ್ ಬ್ಯಾಕ್ ಕೈ ಇಳಿಸಬೇಕು, ಚೆಂಡು ಇಟ್ಟು ಆಟ ಮತ್ತೆ ಶುರು ಮಾಡಬೇಕು. ಅವರು ಕೈ ಇಳಿಸಲಿಲ್ಲ, ನಾನೂ ಅವಸರ ಮಾಡಲಿಲ್ಲ.